ಮುಚ್ಚಳ ಹಾಕಿ ತೆಗೆದ ಚಿತ್ರ

ಕಪ್ಪತಗುಡ್ಡದ ಬಡಗಣ ಇಳಿಜಾರು,
ಬಿಸಿಲೆಣಿಕೆಯ ಇನ್ನೂರ ಆರನೆಯ ವರ್ಷ, ಎರಡನೆಯ ಬೇಸಿಗೆಯ ಹನ್ನೊಂದನೆಯ ದಿನ.

ಹಿಂದಿನವರಿಗೆ,

ಮೇಲೆ ಬರೆದ ತಾರೀಖು ನಿಮ್ಮ ಯಾವ ಪಂಚಾಂಗದಲ್ಲೂ ಸಿಗುವುದಿಲ್ಲ. ನಿಮ್ಮ ತಿಂಗಳುಗಳ ಹೆಸರು ಹಳೆಯ ಕಾಗದಗಳಿಂದ ನಮಗೆ ಗೊತ್ತು. ಆದರೆ ಎರಡು ಬೇಸಿಗೆ, ನಡುವೆ ನಲವತ್ತು ದಿನದ ಮಳೆ, ಇಷ್ಟೇ ಉಳಿದಿರುವ ವರ್ಷಕ್ಕೆ ಹನ್ನೆರಡು ಹೆಸರು ಬೇಕಾಗಲಿಲ್ಲ. ನನ್ನ ಮಾತೂ ನಿಮ್ಮ ಕಿವಿಗೆ ಒರಟಾಗಿ ಕೇಳಿಸಬಹುದು. ನಿಮ್ಮ ಕಾಲದ ಬರವಣಿಗೆಯನ್ನು ನಾನು ಕಲಿತದ್ದು ಒಂದು ಯಂತ್ರದ ಕೈಪಿಡಿಯಿಂದ ಮತ್ತು ಅರ್ಧ ಸುಟ್ಟ ಎರಡು ಶಾಲಾ ಪುಸ್ತಕಗಳಿಂದ. ಶಬ್ದಗಳು ಎಲ್ಲಾದರೂ ಅಡ್ಡಾದಿಡ್ಡಿ ಕೂತಿದ್ದರೆ ಮನ್ನಿಸಿ. ಬೇರೆ ಯಾವುದಕ್ಕೂ ನಾನು ನಿಮ್ಮ ಕ್ಷಮೆ ಕೇಳುವುದಿಲ್ಲ.

ಅರವತ್ತು ತುಂಬಿದವರು ಹಿಂದಿನವರಿಗೆ ಒಂದು ಕಾಗದ ಬರೆದು ಗುಡ್ಡದ ಗೋಡೆಯ ಗೂಡಿನಲ್ಲಿ ಇಡುವುದು ನಮ್ಮಲ್ಲಿ ವಾಡಿಕೆ. ಹೆಚ್ಚಿನವರು ನಿಮ್ಮನ್ನು ಬೈದು ಬರೆಯುತ್ತಾರೆ. ನೀವು ಬಿಟ್ಟುಹೋದ ಬಿಸಿಲಿನಲ್ಲಿ ಬದುಕುತ್ತಿರುವವರಿಗೆ ಅಷ್ಟು ಹಕ್ಕಿದೆ. ನಾನೂ ಬೈಯಬೇಕೆಂದೇ ಕೂತೆ. ಆದರೆ ನಾನು ಹೇಳಬೇಕಾದ ವಿಷಯದಲ್ಲಿ ನಿಮ್ಮ ತಪ್ಪು ಕಡಿಮೆ, ನನ್ನದೇ ಹೆಚ್ಚು. ನನ್ನ ಹೆಸರು ಕಾಶವ್ವ ಹೂಗಾರ. ಇಪ್ಪತ್ತೆರಡು ವರ್ಷ ಇಲ್ಲಿನ ಕಣ್ಣಿನ ಮನೆಯಲ್ಲಿ ಕೆಲಸ ಮಾಡಿದೆ.

ನಮ್ಮ ಬದುಕನ್ನು ಸ್ವಲ್ಪ ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ನಮ್ಮ ಮನೆಗಳು ಅರ್ಧ ನೆಲದೊಳಗೆ, ಅರ್ಧ ಹೊರಗೆ. ಹೊತ್ತು ಏರಿ ಒಂಬತ್ತಾದ ಮೇಲೆ ಸಂಜೆ ಐದರವರೆಗೆ ಯಾರೂ ಬೀದಿಗೆ ಬರುವುದಿಲ್ಲ. ಓಣಿಗಳ ಮೇಲೆ ನೆರಳುಬಟ್ಟೆ ಕಟ್ಟಿರುತ್ತೇವೆ. ಕತ್ತಾಳೆ ನಾರಿನಿಂದ ನೇಯ್ದ ದಪ್ಪ ಬಟ್ಟೆ ಅದು. ಮಳೆಗೆ ಮೊದಲು ಒಮ್ಮೆ, ಮಳೆಯ ನಂತರ ಒಮ್ಮೆ ಹೊಸದು ಕಟ್ಟಬೇಕು, ಇಲ್ಲದಿದ್ದರೆ ಬಿಸಿಲು ಅದನ್ನು ತಿಂದುಹಾಕುತ್ತದೆ. ಬೆಳಿಗ್ಗೆ ನೀರಕಟ್ಟೆಯಲ್ಲಿ ನೀರು ಹಂಚುತ್ತಾರೆ. ಊರಿನ ಎಲ್ಲರೂ ಒಟ್ಟಿಗೆ ಸೇರುವುದು ಅಲ್ಲೊಂದೇ ಕಡೆ. ಗುಡ್ಡದ ನೆತ್ತಿಯ ಮೇಲೆ ನೀವು ನೆಟ್ಟ ಗಾಳಿಕಂಬಗಳಲ್ಲಿ ಹದಿನಾಲ್ಕು ಇನ್ನೂ ತಿರುಗುತ್ತವೆ. ನಮ್ಮ ದೀಪ, ಪಂಪು, ಯಂತ್ರ ಎಲ್ಲವೂ ಅವುಗಳಿಂದ.

ಬಿಸಿಲಿಗಿಂತ ನಾವು ಹೆಚ್ಚು ಹೆದರುವುದು ಬೂದಿಕೆಮ್ಮಿಗೆ. ಕೆಂಪು ಧೂಳಿನಲ್ಲಿ ಬೆಳೆಯುವ ಒಂದು ಬೂಜು ಉಸಿರಿನ ಜೊತೆ ಒಳಗೆ ಹೋಗುತ್ತದೆ. ಮೊದಲ ಹತ್ತು ದಿನ ಏನೂ ತಿಳಿಯುವುದಿಲ್ಲ. ಆಮೇಲೆ ಕೆಮ್ಮು, ಬೂದಿ ಬಣ್ಣದ ಕಫ. ಅಲ್ಲಿಂದ ಬಡಕಲು ಮೈಯವರಿಗೆ ಕೆಲವೇ ವಾರಗಳಲ್ಲಿ, ಉಳಿದವರಿಗೆ ಒಂದೆರಡು ವರ್ಷದಲ್ಲಿ ಸಾವು. ಒಬ್ಬರಿಂದ ಒಬ್ಬರಿಗೆ ಬೇಗ ಅಂಟುತ್ತದೆ. ಹಾಗಾಗಿ ಕಾಯಿಲೆಯವರನ್ನು ಒಣಗಿದ ಹೊಳೆಯ ಆಚೆಗೆ ಕಳಿಸುತ್ತಾರೆ. ಅಲ್ಲಿ ಒಂದು ಕೇರಿ ಇದೆ, ಆಚೆದಂಡೆ ಎನ್ನುತ್ತೇವೆ. ಹೋದವರು ಬರುವುದಿಲ್ಲ.

ಕೆಮ್ಮು ಶುರುವಾಗುವ ಮೊದಲೇ ಕಾಯಿಲೆ ಕಂಡುಹಿಡಿಯುವುದಕ್ಕೆ ಕಣ್ಣಿನ ಮನೆ ಇರುವುದು. ಹತ್ತು ವರ್ಷ ತುಂಬಿದವರೆಲ್ಲ ತಮ್ಮ ಸರದಿಯ ದಿನ ನಸುಕಿನಲ್ಲಿ ಬಂದು ತೋರಿಸಿಕೊಳ್ಳಬೇಕು. ಒಬ್ಬರ ಕಫವನ್ನು ಗಾಜಿನ ಮೇಲೆ ಸವರಿ, ಒಂದು ಔಷಧಿಯ ಹನಿ ಹಾಕಿದರೆ ಆ ಬೂಜು ಬೆಳಕು ಬೀರುತ್ತದೆ. ಎಷ್ಟು ಮಂಕು ಬೆಳಕೆಂದರೆ ಮನುಷ್ಯರ ಕಣ್ಣಿಗೆ ಅದು ಕತ್ತಲೆಯೇ. ಗಾಜನ್ನು ಕಪ್ಪು ಪೆಟ್ಟಿಗೆಯಲ್ಲಿಟ್ಟು ಯಂತ್ರ ನಾಲ್ಕು ನಿಮಿಷ ಒಂದೇ ಸಮನೆ ನೋಡುತ್ತದೆ. ನೋಡುವ ಭಾಗಕ್ಕೆ ನೀವು ಸೆನ್ಸರ್ ಎನ್ನುತ್ತಿದ್ದಿರಿ. ನಾವು ಪಾಪೆ ಎನ್ನುತ್ತೇವೆ, ಕಣ್ಣಿಗೆ ಪಾಪೆ ಇರುವ ಹಾಗೆ. ಪಾಪೆಗೆ ಒಂದು ದೋಷವಿದೆ. ಬಿಸಿಯಾದರೆ ಅದು ಇಲ್ಲದ ಬೆಳಕನ್ನು ಕಾಣುತ್ತದೆ. ಆರೇಳು ಡಿಗ್ರಿ ಏರಿದಾಗಲೆಲ್ಲ ಸುಳ್ಳು ಬೆಳಕು ಎರಡರಷ್ಟಾಗುತ್ತದೆ. ಅದಕ್ಕೆ ನೀವೇ ಹುಡುಕಿದ ಉಪಾಯ ತಂಪುಬಿಲ್ಲೆ. ಹೆಬ್ಬೆರಳಗಲದ ಬಿಳಿ ಬಿಲ್ಲೆ ಅದು. ಎರಡು ತೆಳು ಹಾಳೆಗಳ ನಡುವೆ ಸಾಸಿವೆಯಷ್ಟು ಸಣ್ಣ ಕಪ್ಪು ತುಂಡುಗಳ ಸಾಲು. ವಿದ್ಯುತ್ ಹರಿಸಿದರೆ ಒಂದು ಮಗ್ಗುಲು ತಣ್ಣಗಾಗುತ್ತದೆ, ಇನ್ನೊಂದು ಮಗ್ಗುಲು ಕಾಯುತ್ತದೆ. ತಣ್ಣನೆಯ ಮಗ್ಗುಲನ್ನು ಪಾಪೆಯ ಬೆನ್ನಿಗೆ ಹಚ್ಚುತ್ತಾರೆ. ಹೊರಗೆ ನಲವತ್ತೇಳು ಡಿಗ್ರಿ ಬಿಸಿಲಿದ್ದರೂ ನಮ್ಮ ಪಾಪೆ ಸೊನ್ನೆಯ ಕೆಳಗೆ ಇರುತ್ತಿತ್ತು. ಇಡೀ ಊರಿನಲ್ಲಿ ಮಂಜುಗಡ್ಡೆಯಷ್ಟು ತಣ್ಣಗಿದ್ದ ಜಾಗ ಅದೊಂದೇ, ಉಗುರಿನಷ್ಟು ಅಗಲ. ಆದರೆ ಬಿಲ್ಲೆ ಬಿಸಿಯನ್ನು ಸಾಯಿಸುವುದಿಲ್ಲ. ಈ ಕಡೆಯಿಂದ ಆ ಕಡೆಗೆ ಸಾಗಿಸುತ್ತದೆ, ತನ್ನದೂ ಒಂದಷ್ಟು ಸೇರಿಸುತ್ತದೆ. ಆ ಕಡೆಯ ಬಿಸಿಯನ್ನು ಫ್ಯಾನು ಹೊರಹಾಕಬೇಕು. ಫ್ಯಾನು ನಿಂತರೆ ಬಿಸಿ ತಿರುಗಿ ಬರುತ್ತದೆ. ಆಮೇಲೆ ಬಿಲ್ಲೆಯೇ ಪಾಪೆಯನ್ನು ಕಾಯಿಸತೊಡಗುತ್ತದೆ.

ನನಗೆ ಇಪ್ಪತ್ತೊಂಬತ್ತು ವರ್ಷವಾಗಿದ್ದಾಗ, ಮೊದಲ ಬೇಸಿಗೆಯಲ್ಲಿ, ಆ ಫ್ಯಾನು ಧೂಳು ತಿಂದು ನಿಂತಿತು. ಕಣ್ಣಿನ ಮನೆಯ ಮುಖ್ಯಸ್ಥರು ಚನ್ನವೀರಯ್ಯ ಎಂಬವರು. ಐವತ್ತರ ಹತ್ತಿರದ, ಮೆತ್ತಗೆ ಮಾತಾಡುವ, ಯಾರ ಮೇಲೂ ದನಿ ಎತ್ತದ ಮನುಷ್ಯ. ಅವರ ಕೋಣೆಗೆ ಹೋಗಿ ಹೇಳಿದೆ.

“ಹೊಸಾ ಫ್ಯಾನಿಗೆ ಉಗ್ರಾಣಕ್ಕ ಬರದೀನಿ, ಬರ್ತೈತಿ,” ಎಂದರು. “ಈಗ ಚಿತ್ರ ಬರಾಕ ಹತ್ತೈತಿಲ್ಲೋ?”

“ಬರ್ತೈತ್ರಿ ಸಾಹೇಬ್ರ. ಆದ್ರ ಒಳಗ ಬಿಸಿ ಏರ್ತೈತ್ರಿ. ಕೆಂಪು ದೀಪಾ ಹತ್ತೇತಿ.”

“ಬಿಸಿ ಯಾರಿಗಿಲ್ಲವಾ ಇಲ್ಲೆ? ನನಗೂ ಐತಿ, ನಿನಗೂ ಐತಿ. ಕೆಲಸಾ ಬಿಟ್ಟೇವೇನು? ಆ ದೀಪಾ ನೋಡಿ ಮಂದಿ ಅಂಜತಾರ. ಅದರ ತಂತಿ ಬಿಚ್ಚಿಬಿಡು.”

ಬಿಚ್ಚಿದೆ. ನನ್ನ ಕೈಯಿಂದಲೇ ಬಿಚ್ಚಿದೆ, ತಂತಿಯ ತುದಿಗೆ ಅರಿವೆಯ ಚೂರು ಸುತ್ತಿ ಒಳಗೆ ಸೇರಿಸಿದೆ. ಇನ್ನೊಂದನ್ನೂ ಹೇಳಿಬಿಡುತ್ತೇನೆ. ದಿನದ ಕೆಲಸ ಶುರು ಮಾಡುವ ಮೊದಲು ಪಾಪೆಗೆ ಮುಚ್ಚಳ ಹಾಕಿ ಒಂದು ಚಿತ್ರ ತೆಗೆಯಬೇಕು ಎಂದು ನಿಮ್ಮ ಕೈಪಿಡಿ ಹೇಳುತ್ತದೆ. ಮುಚ್ಚಳ ಹಾಕಿದ ಮೇಲೂ ಚಿತ್ರದಲ್ಲಿ ಚುಕ್ಕೆ ಕಂಡರೆ ಅವು ಹೊರಗಿನವಲ್ಲ, ಪಾಪೆಯ ಸ್ವಂತ ಬಿಸಿಯವು. ನಾಲ್ಕು ನಿಮಿಷದ ಕೆಲಸ. ಸಾಲು ಉದ್ದವಾಗುತ್ತಿದೆ, ಬಿಸಿಲಿಗೆ ಮೊದಲು ಮಂದಿ ಮನೆ ಸೇರಬೇಕು ಎಂದು ಅದನ್ನು ನಾವು ಹಿಂದಿನ ವರ್ಷವೇ ಬಿಟ್ಟಿದ್ದೆವು. ನಾವು ಎಂದರೆ ನಾನು. ಕಣ್ಣಿನ ಮುಂದೆ ಕೂರುತ್ತಿದ್ದವಳು ನಾನೊಬ್ಬಳೇ.

ಅದಕ್ಕೂ ಮುಂಚೆ ಒಂದು ಬೇಸಿಗೆಗೆ ಮೂರೋ ನಾಲ್ಕೋ ಜನರಲ್ಲಿ ಕಾಯಿಲೆ ಕಾಣುತ್ತಿತ್ತು. ಆ ವರ್ಷ ಹನ್ನೊಂದು ವಾರದಲ್ಲಿ ನಲವತ್ತಮೂರು ಜನರಲ್ಲಿ ಕಂಡಿತು. ಚಿತ್ರದಲ್ಲಿ ಇಪ್ಪತ್ತಕ್ಕಿಂತ ಹೆಚ್ಚು ಚುಕ್ಕೆ ಇದ್ದರೆ ಕಾಯಿಲೆ ಎಂದು ಊರಿನ ಮಂಡಳಿಯ ನಿಯಮ. ನಾನು ಎಣಿಸುತ್ತಿದ್ದೆ, ಬರೆಯುತ್ತಿದ್ದೆ, ಸಹಿ ಹಾಕುತ್ತಿದ್ದೆ. ಮಂಡಳಿಯವರು ಬಂದು ಚನ್ನವೀರಯ್ಯನವರನ್ನು ಹೊಗಳಿದರು. ಹಿಂದೆಲ್ಲ ಕಣ್ತಪ್ಪಿ ಹೋಗುತ್ತಿದ್ದ ಕಾಯಿಲೆಯವರು ಈಗ ಸಿಗುತ್ತಿದ್ದಾರೆ, ಇವರ ಶಿಸ್ತಿನಿಂದ ಊರು ಉಳಿಯಿತು ಎಂದರು. ನನ್ನ ಕಡೆಗೂ ನೋಡಿ ತಲೆಯಾಡಿಸಿದರು. ನನಗೆ ಸಂತೋಷವಾಯಿತು. ಇದನ್ನು ಬರೆಯದೆ ದಾಟಿಹೋಗಬಹುದಿತ್ತು, ಬೇಡ.

ನನ್ನ ಪಕ್ಕದ ಮನೆಯಲ್ಲಿ ರೋಷನ್‌ಬಿ ಇದ್ದಳು. ನೆರಳುಬಟ್ಟೆ ನೇಯುವವಳು, ನನ್ನ ವಾರಗೆಯವಳು. ಬಾವಿಯ ಹೂಳು ತೆಗೆಯುವಾಗ ಮಣ್ಣು ಕುಸಿದು ಅವಳ ಗಂಡ ತೀರಿಕೊಂಡಿದ್ದ. ಜುಬೇದಾ ಎಂಬ ಆರು ವರ್ಷದ ಒಬ್ಬಳೇ ಮಗಳು. ನನ್ನ ತಾಯಿ ಹೋದ ವರ್ಷ ನಾನು ಮೂರು ವಾರ ಹಾಸಿಗೆ ಹಿಡಿದಾಗ ದಿನಕ್ಕೆ ಎರಡು ಸಲ ನನ್ನ ತಲೆ ಎತ್ತಿ ಹಿಡಿದು ಅಂಬಲಿ ಕುಡಿಸಿದವಳು ರೋಷನ್. ಅವಳ ಪರೀಕ್ಷೆಯ ದಿನ ಬಂದಾಗ ನಾನೇ ಅವಳಿಗೆ ಹೇಳಿದೆ, ನಸುಕಿನಲ್ಲಿ ಬಂದು ಸಾಲಿನಲ್ಲಿ ನಿಲ್ಲಬೇಡ, ಎಲ್ಲರೂ ಹೋದ ಮೇಲೆ ಕೊನೆಗೆ ಬಾ, ನಾನಿರುತ್ತೇನೆ ಎಂದು. ಅವಳು ಹಾಗೇ ಬಂದಳು. ಗಂಟೆ ಒಂಬತ್ತಾಗುತ್ತಿತ್ತು. ಕಲ್ಲುಗೋಡೆ ಕಾದು ಕಣ್ಣಿನ ಮನೆ ಒಲೆಯ ಹಾಗಾಗಿತ್ತು. ನಸುಕಿನಲ್ಲಿ ತೋರಿಸಿಕೊಂಡವರ ಚಿತ್ರದಲ್ಲಿ ಹತ್ತು ಹನ್ನೆರಡು ಚುಕ್ಕೆ, ಹೊತ್ತಾಗಿ ಬಂದವರ ಚಿತ್ರದಲ್ಲಿ ಇಪ್ಪತ್ತೈದು, ಮೂವತ್ತು. ಕಾಯಿಲೆಯನ್ನು ತೀರ್ಮಾನಿಸುತ್ತಿದ್ದದ್ದು ಸಾಲಿನಲ್ಲಿ ಅವರು ನಿಂತ ಜಾಗ ಎಂಬುದು ನನಗೆ ಹೊಳೆಯಲಿಲ್ಲ. ಹೊಳೆಯಲಿಲ್ಲ ಎನ್ನುವುದು ನಿಜವೋ, ನಾನು ನೋಡಲಿಲ್ಲ ಎನ್ನುವುದು ನಿಜವೋ, ಮೂವತ್ತೊಂದು ವರ್ಷವಾದರೂ ಗೊತ್ತಾಗಿಲ್ಲ.

ರೋಷನ್‌ಳ ಚಿತ್ರದಲ್ಲಿ ಮೂವತ್ತೊಂದು ಚುಕ್ಕೆಗಳಿದ್ದವು.

“ಕಾಶಿ, ನನಗ ಕೆಮ್ಮೇ ಇಲ್ಲಲ್ಲ,” ಎಂದಳು.

“ಮೊದಲ ಹತ್ತು ದಿನಾ ಯಾರಿಗೂ ಇರೂದಿಲ್ಲ ರೋಷನ್. ಅದಕ್ಕ ಈ ಕಣ್ಣು ಇಟ್ಟಿದ್ದು.”

“ಇನ್ನೊಮ್ಮೆ ನೋಡು.”

ನೋಡಿದೆ. ಎರಡನೆಯ ಸಲ ಮೂವತ್ತೆಂಟು ಬಂದವು. ಅಷ್ಟರಲ್ಲಿ ಬಿಲ್ಲೆ ಇನ್ನಷ್ಟು ಕಾದಿತ್ತು. ನಾನು ಅದನ್ನು ಕಾಯಿಲೆ ಖಚಿತವಾಯಿತು ಎಂದು ಓದಿದೆ. ಅವಳು ತನ್ನ ಕೈಗಳನ್ನು ನೋಡಿಕೊಂಡಳು. ನಾರು ಎಳೆದೆಳೆದು ಬೆರಳಿನ ಸಂದಿಗಳು ಒಡೆದಿದ್ದವು. ಆಮೇಲೆ ಎದ್ದಳು.

“ಜುಬೇದಾ ನಿನ್ನ ಕಡೆ ಇರ್ಲಿ. ರೊಟ್ಟಿ ಅಂಚು ತಿನ್ನೂದಿಲ್ಲ ಆಕಿ, ತಗದು ಕೊಡು. ಮಗ್ಗದಾಗ ಅರ್ಧಾ ಬಟ್ಟಿ ಐತಿ, ಅದನ್ನ ಯಾರರ ಮುಗಸ್ಲಿ.”

ಅದೇ ಸಂಜೆ ಬಂಡಿ ಬಂತು. ನಾನು ಜುಬೇದಾಳನ್ನು ಒಳಗಿನ ಕೋಣೆಯಲ್ಲಿ ಕೂರಿಸಿ ಬಾಗಿಲು ಹಾಕಿಕೊಂಡೆ.

ಅದಾಗಿ ಇಪ್ಪತ್ತಾರು ದಿನಕ್ಕೆ ನನ್ನ ಪರೀಕ್ಷೆ ಬಂತು. ಕಣ್ಣಿನ ಮನೆಯವರು ತಮ್ಮ ಗಾಜನ್ನು ಎಲ್ಲರ ಕೊನೆಗೆ ಇಡಬೇಕು. ಇಟ್ಟೆ. ಇಪ್ಪತ್ತೊಂಬತ್ತು ಚುಕ್ಕೆ. ಬೆರಳಿಟ್ಟು ಇನ್ನೊಮ್ಮೆ ಎಣಿಸಿದೆ, ಇಪ್ಪತ್ತೊಂಬತ್ತೇ. ಆಮೇಲೆ, ಜೀವದಾಸೆಯಿಂದ, ಜೀವದಾಸೆ ಒಂದರಿಂದಲೇ, ಆ ಚಿತ್ರವನ್ನು ಹತ್ತಿರದಿಂದ ನೋಡಿದೆ. ಬಲಗಡೆಯ ಮೂಲೆಯಲ್ಲಿ ಮೂರು ಚುಕ್ಕೆ ಒಲೆಗುಂಡಿನ ಹಾಗೆ ಕೂತಿದ್ದವು. ಅವುಗಳನ್ನು ನಾನು ಎಲ್ಲೋ ನೋಡಿದ್ದೆ. ರೋಷನ್‌ಳ ಚಿತ್ರ ತೆಗೆದು ಪಕ್ಕದಲ್ಲಿಟ್ಟೆ. ಅದೇ ಮೂಲೆ, ಅದೇ ಮೂರು. ಅದರ ಹಿಂದಿನವರದು ತೆಗೆದೆ, ಅದರಲ್ಲೂ ಇದ್ದವು. ನಲವತ್ತಮೂರು ಜನರ ಕಫದಲ್ಲಿ ಬೂಜು ಒಂದೇ ಜಾಗದಲ್ಲಿ ಕೂರುವುದಿಲ್ಲ. ಗಾಜನ್ನು ಹೊರಗೆ ತೆಗೆದೆ, ಪಾಪೆಗೆ ಮುಚ್ಚಳ ಹಾಕಿದೆ, ನಾಲ್ಕು ನಿಮಿಷ ಕಾದೆ. ಬೆಳಕೇ ಇಲ್ಲದ, ಯಾರೂ ಇಲ್ಲದ ಆ ಚಿತ್ರದಲ್ಲಿ ಮೂವತ್ತು ಚುಕ್ಕೆಗಳಿದ್ದವು. ಮೂಲೆಯಲ್ಲಿ ಆ ಮೂರೂ.

ನಲವತ್ತಮೂರು ಜನರನ್ನು ಕಳಿಸುವಾಗ ನನಗೆ ಒಮ್ಮೆಯೂ ಅನುಮಾನ ಬಂದಿರಲಿಲ್ಲ. ನನ್ನ ಹೆಸರು ಬಂದ ಕೂಡಲೇ ಬಂತು.

ನನ್ನ ಚಿತ್ರ, ಮುಚ್ಚಳದ ಚಿತ್ರ ಎರಡನ್ನೂ ಹಿಡಿದುಕೊಂಡು ಚನ್ನವೀರಯ್ಯನವರ ಬಳಿ ಹೋದೆ. ಅವರು ದಡ್ಡರಲ್ಲ. ಒಂದು ನಿಮಿಷದಲ್ಲಿ ಅರ್ಥ ಮಾಡಿಕೊಂಡರು. ಕುಡಿಯಲು ನೀರು ಕೊಟ್ಟರು, ನನಗೂ, ತಮಗೂ.

“ಈಗ ಹೇಳಿದ್ರ ಏನಾಗ್ತೈತಿ, ವಿಚಾರ ಮಾಡು,” ಎಂದರು. “ಇನ್ನ ಮ್ಯಾಲ ಒಬ್ರೂ ಕಣ್ಣಿನ ಮನಿಗೆ ಬರೂದಿಲ್ಲ. ಖರೇನ ಕಾಯಿಲೆ ಇದ್ದವರೂ ಬರೂದಿಲ್ಲ. ಊರಿಗೆ ಊರ ಹೋಗ್ತೈತಿ. ಹೋದವರು ಅಲ್ಲೆ ಕಾಯಿಲೆಯವರ ನಡುವ ಅದಾರ. ಅವರನ್ನ ತಿರುಗಿ ಕರ್ಕೊಂಡ ಬರಾಕ ಮಂಡಳಿ ಒಪ್ಪತೈತೇನು?”

“ರೋಷನ್‌ಬಿಗೆ ಏನೂ ಇದ್ದಿಲ್ರಿ ಸಾಹೇಬ್ರ.”

“ನಿನಗೂ ಏನೂ ಇಲ್ಲ,” ಎಂದು ನನ್ನ ಚಿತ್ರವನ್ನು ಎತ್ತಿಕೊಂಡು ನಾಲ್ಕು ತುಂಡು ಮಾಡಿದರು. “ಮನಿಗೆ ಹೋಗು. ಆ ಹುಡುಗಿ ನಿನ್ನ ಹಾದಿ ಕಾಯ್ತಿರ್ತಾಳ. ನಾಳೆ ಫ್ಯಾನ ಹಾಕಸ್ತೀನಿ.”

ಮರುದಿನ ಬೆಳಿಗ್ಗೆ ಫ್ಯಾನು ಬಂತು. ಉಗ್ರಾಣದಿಂದಲ್ಲ. ಅವರ ಕೋಣೆಯ ಗಾಳಿಗಿಂಡಿಯಲ್ಲಿ ಅದೇ ಅಳತೆಯದೊಂದು ಫ್ಯಾನು ಇತ್ತು. ಹನ್ನೊಂದು ವಾರವೂ ಅದು ನಮ್ಮ ಕಣ್ಣಿನಿಂದ ಎಂಟು ಹೆಜ್ಜೆ ದೂರದಲ್ಲಿ ತಿರುಗುತ್ತಿತ್ತು. ನಾಲ್ಕು ಸ್ಕ್ರೂ ಬಿಚ್ಚಿ ನಾಲ್ಕು ಸ್ಕ್ರೂ ಹಾಕಿದೆ. ಗಂಟೆಯೊಳಗೆ ಪಾಪೆ ತಣ್ಣಗಾಯಿತು. ಮುಚ್ಚಳ ಹಾಕಿ ಚಿತ್ರ ತೆಗೆದೆ. ಒಂದು ಚುಕ್ಕೆ ಇಲ್ಲದ ಕಪ್ಪು.

ಆ ದಿನದಿಂದ ಹತ್ತೊಂಬತ್ತು ದಿನ ನಾನು ಸುಮ್ಮನಿದ್ದೆ. ಚನ್ನವೀರಯ್ಯನವರು ನನ್ನನ್ನು ಹೆದರಿಸಲಿಲ್ಲ, ಬೇಡಿಕೊಳ್ಳಲೂ ಇಲ್ಲ. ಅವರು ಹರಿದ ಆ ಕಾಗದದ ಋಣವೇ ಸಾಕಾಯಿತು. ದಿನಾ ನೀರು ತಂದೆ, ನವಣೆ ಬೇಯಿಸಿದೆ, ರೊಟ್ಟಿಯ ಅಂಚು ತೆಗೆದು ಜುಬೇದಾಳಿಗೆ ಕೊಟ್ಟೆ. ಅವ್ವ ಯಾವಾಗ ಬರುತ್ತಾಳೆ ಎಂದು ಅವಳು ಮೊದಮೊದಲು ಕೇಳುತ್ತಿದ್ದಳು. ಆಮೇಲೆ ಕೇಳುವುದನ್ನು ಬಿಟ್ಟು, ಬೆಳಿಗ್ಗೆ ಎದ್ದ ಕೂಡಲೇ ತನ್ನ ಮನೆಗೆ ಹೋಗಿ ಮಗ್ಗದ ಮೇಲಿನ ಧೂಳು ಒರೆಸಿ ಬರತೊಡಗಿದಳು. ನಾಳೆ ಹೇಳೋಣ ಎಂದುಕೊಳ್ಳುತ್ತಿದ್ದೆ. ಹೇಳಿದರೆ ಮೊದಲು ಕೇಳುವ ಪ್ರಶ್ನೆ, ಸಹಿ ಯಾರದು ಎಂಬುದು.

ಫ್ಯಾನು ಹಾಕಿದ ಮೇಲೆ ಸಹಜವಾಗಿ ಒಬ್ಬರಲ್ಲೂ ಕಾಯಿಲೆ ಕಾಣಲಿಲ್ಲ. ಮಂಡಳಿಯವರು ಅದಕ್ಕೂ ಅರ್ಥ ಕೊಟ್ಟರು. ನಲವತ್ತಮೂರು ಜನರನ್ನು ಕಳಿಸಿದ್ದರಿಂದಲೇ ಊರು ಶುದ್ಧವಾಯಿತು. ಇನ್ನೂ ನಿಶ್ಚಿಂತೆಯಾಗಬೇಕಾದರೆ ಆಚೆದಂಡೆಯ ಕೇರಿಯನ್ನೇ ಎರಡು ದಿನದ ಹಾದಿಯಷ್ಟು ದೂರಕ್ಕೆ, ನೀರಿಲ್ಲದ ಕಲ್ಲುಬಯಲಿಗೆ ಸಾಗಿಸಬೇಕು ಎಂದು ತೀರ್ಮಾನಿಸಿದರು. ಹತ್ತೊಂಬತ್ತನೆಯ ದಿನ ಬೆಳಿಗ್ಗೆ ನೀರಕಟ್ಟೆಯಲ್ಲಿ ಅದನ್ನು ಓದಿ ಹೇಳಿದರು. ಮಂದಿ ಕೈತಟ್ಟಿದರು. ಚನ್ನವೀರಯ್ಯನವರು ಕಟ್ಟೆಯ ಮೇಲೆ ನಿಂತಿದ್ದರು, ತಲೆ ತಗ್ಗಿಸಿಕೊಂಡು, ಆದರೆ ನಿಂತಿದ್ದರು. ನಾನು ಕೊಡ ಅಲ್ಲೇ ಇಟ್ಟು ಕಣ್ಣಿನ ಮನೆಗೆ ಹೋದೆ. ನಲವತ್ತಮೂರು ಚಿತ್ರಗಳನ್ನೂ, ಮುಚ್ಚಳ ಹಾಕಿ ತೆಗೆದ ಆ ಒಂದು ಚಿತ್ರವನ್ನೂ ತಂದು ಕಟ್ಟೆಯ ಗೋಡೆಗೆ ಅಂಟು ಹಚ್ಚಿ ಅಂಟಿಸಿದೆ. ಮೂಲೆಯ ಮೂರು ಚುಕ್ಕೆಗಳಿಗೆ ಒಂದೊಂದರಲ್ಲೂ ಇದ್ದಲಿನಿಂದ ಸುತ್ತು ಹಾಕಿದೆ. ಓದು ಬಾರದವರಿಗೂ ಅದು ತಿಳಿಯಿತು. ಮುದುಕಿಯೊಬ್ಬಳು ತನ್ನ ಮಗನ ಚಿತ್ರದ ಮೇಲೆ ಕೈಯಿಟ್ಟು ಕೇಳಿದಳು, “ಹಂಗಾದ್ರ ಇದು ನನ್ನ ಮಗಂದಲ್ಲೇನು?”

“ಅಲ್ಲಬೇ,” ಎಂದೆ.

ಆ ದಿನವೇ ಕಣ್ಣನ್ನು ಬಂಡಿಯ ಮೇಲೆ ಹೊಳೆಯ ದಂಡೆಗೆ ಸಾಗಿಸಿದರು. ಆಚೆದಂಡೆಗೆ ಅಡ್ಡವಾಗಿ ಕಟ್ಟಿದ ತಂತಿಬಲೆಯ ಆ ಕಡೆಯಿಂದ ಒಬ್ಬೊಬ್ಬರೇ ತಮ್ಮ ಗಾಜು ಕೊಟ್ಟರು. ನಲವತ್ತಮೂರರಲ್ಲಿ ಹನ್ನೊಂದು ಜನ ಆಗಲೇ ಸತ್ತಿದ್ದರು, ಕೆಲವರು ಬೂದಿಕೆಮ್ಮಿನಿಂದ, ಕೆಲವರು ಬಿಸಿಲಿನಿಂದ, ಒಬ್ಬಳು ತಾನೇ ಜೀವ ಕಳೆದುಕೊಂಡು. ಇಪ್ಪತ್ತಮೂರು ಜನರಿಗೆ ನಿಜವಾಗಿ ಕಾಯಿಲೆ ಅಂಟಿತ್ತು. ಒಂಬತ್ತು ಜನ ಹೊಳೆ ದಾಟಿ ಮನೆಗೆ ಬಂದರು. ಸತ್ತವರಲ್ಲಿ, ಕಾಯಿಲೆಯವರಲ್ಲಿ ಯಾರಿಗೆ ಮೊದಲೇ ಇತ್ತು, ಯಾರಿಗೆ ನಾವು ಕಳಿಸಿದ ಮೇಲೆ ಬಂತು ಎಂದು ಇನ್ನು ಯಾರಿಂದಲೂ ಹೇಳಲಾಗದು.

ರೋಷನ್‌ಳ ವಿಷಯದಲ್ಲಿ ಮಾತ್ರ ಹೇಳಬಹುದು. ಆಚೆದಂಡೆಯಲ್ಲಿ ಅವಳು ಕೇರಿಯ ಹೊರಗೆ ತನ್ನದೇ ಒಂದು ನೆರಳು ಕಟ್ಟಿಕೊಂಡು, ಬಾಯಿಗೆ ಬಟ್ಟೆ ಸುತ್ತಿಕೊಂಡು, ಯಾರನ್ನೂ ಹತ್ತಿರ ಸೇರಿಸದೆ ಇದ್ದಳು. ಆ ವಾರಗಳಲ್ಲಿ ಒಮ್ಮೆ ಬಿಸಿಗಾಳಿ ಎದ್ದು ಅವಳ ನೆರಳು ಹಾರಿಹೋಯಿತು. ಬೇರೆ ದಾರಿಯಿಲ್ಲದೆ ಕೇರಿಯೊಳಗಿನ ಒಂದು ಮನೆಯಲ್ಲಿ ಎರಡು ದಿನ ಉಳಿದಳು. ನಾನು ದಂಡೆಯಲ್ಲಿ ಅವಳ ಗಾಜು ನೋಡಿದಾಗ ಕಣ್ಣು ತಣ್ಣಗಿತ್ತು. ಮೂಲೆಯ ಮೂರು ಚುಕ್ಕೆ ಇರಲಿಲ್ಲ. ನಡುವೆ ಹಿಟ್ಟು ಚೆಲ್ಲಿದ ಹಾಗೆ ಒಂದು ಮಬ್ಬು ಇತ್ತು. ಈ ಬಾರಿ ಅದು ಅವಳದೇ.

ಬಲೆಯ ಈಚೆ ನಾನು, ಆಚೆ ಅವಳು. ಸೊರಗಿದ್ದಳು, ಬಿಸಿಲಿಗೆ ಕಪ್ಪಾಗಿದ್ದಳು. ಕೆಮ್ಮು ಇನ್ನೂ ಇರಲಿಲ್ಲ. ಜುಬೇದಾ ಊಟ ಸರಿಯಾಗಿ ಮಾಡುತ್ತಾಳೋ ಎಂದು ಕೇಳಿದಳು. ಮಾಡುತ್ತಾಳೆ ಎಂದೆ.

“ಕಣ್ಣು ಕೆಟ್ಟಿದ್ದು ನಿನಗ ಯಾವಾಗ ಗೊತ್ತಾತು ಕಾಶಿ?”

“ಇವತ್ತ ಮುಂಜಾನೆ,” ಎಂದೆ. “ಗೊತ್ತಾದ ಕೂಡ್ಲೆ ಹೋಗಿ ಚಿತ್ರಾ ಗ್ವಾಡಿಗೆ ಹಚ್ಚಿದೆ.”

“ಛಲೋ ಆತು,” ಎಂದಳು. “ತಡಾ ಮಾಡಲಿಲ್ಲ ನೀ.”

ನಾಲ್ಕನೆಯ ದಿನಕ್ಕೆ ಅವಳಿಗೆ ಕೆಮ್ಮು ಶುರುವಾಯಿತು. ಎರಡು ವರ್ಷ ಬದುಕಿದಳು. ವಾರಕ್ಕೊಮ್ಮೆ ಜುಬೇದಾಳನ್ನು ದಂಡೆಗೆ ಕರೆದೊಯ್ಯುತ್ತಿದ್ದೆ. ಬಲೆಯಿಂದ ಹತ್ತು ಮಾರು ದೂರ ನಿಂತು ತಾಯಿ ಮಗಳು ಕೂಗಿ ಮಾತಾಡುತ್ತಿದ್ದರು. ರೋಷನ್ ಅಲ್ಲಿಂದಲೇ ಕೈಯಾಡಿಸಿ ಮಗಳಿಗೆ ನೇಯ್ಗೆಯ ಗಂಟು ಹಾಕುವುದನ್ನು ಕಲಿಸಿದಳು. ಕೊನೆಯ ತಿಂಗಳು ಕೂಗುವಷ್ಟು ಉಸಿರಿರಲಿಲ್ಲ. ಸುಮ್ಮನೆ ಕೂತು ನೋಡುತ್ತಿದ್ದಳು.

ನನಗೆ ಏನಾಯಿತು ಎಂದು ನೀವು ಕೇಳಬಹುದು. ನನಗೆ ಸನ್ಮಾನವಾಯಿತು. ಕೆಂಪು ದೀಪದ ತಂತಿಯ ಮಾತು ಚನ್ನವೀರಯ್ಯನವರು ಎತ್ತಲಿಲ್ಲ, ನಾನೂ ಅವರು ಹರಿದ ಕಾಗದದ ಮಾತು ಎತ್ತಲಿಲ್ಲ. ಅವರನ್ನು ಬೇರೆ ಊರಿನ ಉಗ್ರಾಣಕ್ಕೆ ಕಳಿಸಿದರು. ಅಲ್ಲಿ ಮರ್ಯಾದೆಯಿಂದ ಮುದುಕರಾಗಿ ಹೋದರು. ನಾನು ಮುಚ್ಚಳ ಹಾಕಿ ಚಿತ್ರ ತೆಗೆದದ್ದು ಅಂಟಿಸಿದ ದಿನವೇ ಎಂದು ಎಲ್ಲರೂ ನಂಬಿದರು. ಮುಚ್ಚಳದ ದಿನ ಎಂದು ವರ್ಷಕ್ಕೊಮ್ಮೆ ಹಬ್ಬ ಮಾಡುತ್ತಾರೆ. ಶಾಲೆಯ ಮಕ್ಕಳು ಡಬ್ಬಿಗೆ ಮುಚ್ಚಳ ಹಾಕಿ, ಕಾಶವ್ವ ಒಂದು ಕ್ಷಣವೂ ತಡಮಾಡಲಿಲ್ಲ ಎಂದು ಸಾಲು ಒಪ್ಪಿಸುತ್ತಾರೆ. ನನ್ನನ್ನು ಎತ್ತರದ ಕುರ್ಚಿಯಲ್ಲಿ ಕೂರಿಸಿ ಕಳ್ಳಿಹೂವಿನ ಮಾಲೆ ಹಾಕುತ್ತಾರೆ. ಹತ್ತು ವರ್ಷದಿಂದ ಆ ಮಾಲೆ ಹಾಕುತ್ತಿರುವವಳು ಜುಬೇದಾ.

ಈ ಕಾಗದವನ್ನು ಮೊದಲು ನಿಮಗಷ್ಟೇ ಬರೆದೆ. ಸತ್ತವರಿಗೆ ಹೇಳುವುದು ಸುಲಭ. ನೀವು ತಿರುಗಿ ಏನೂ ಅನ್ನುವುದಿಲ್ಲ. ಬರೆದು ಮುಗಿಸಿ ಮೂರು ದಿನ ಗೋಡೆಯ ಗೂಡಿನವರೆಗೆ ಹೋಗಿ ಹೋಗಿ ತಿರುಗಿ ಬಂದೆ. ಮೊನ್ನೆ ಬೆಳಿಗ್ಗೆ ಜುಬೇದಾಳ ಮನೆಗೆ ಹೋದೆ. ಅವಳಿಗೆ ಈಗ ಮೂವತ್ತೇಳು. ಮಗ್ಗದ ಮುಂದೆ ಕೂತಿದ್ದಳು. ನಿನಗೊಂದು ಓದಿ ಹೇಳಬೇಕು ಎಂದೆ. ಇಲ್ಲಿಯವರೆಗೆ ಬರೆದದ್ದನ್ನೆಲ್ಲ, ಅವಳ ಹೆಸರು ಬಂದ ಕಡೆಯೂ ಬಿಡದೆ, ಓದಿದೆ. ಅವಳ ಕೈ ಮೊದಲು ನೇಯುತ್ತಲೇ ಇತ್ತು. ಫ್ಯಾನು ಹಾಕಿದ ಜಾಗಕ್ಕೆ ಬಂದಾಗ ನಿಂತಿತು.

“ಹತ್ತೊಂಬತ್ತ ದಿನಾ ಅನ್ನೂದನ್ನ ಇನ್ನೊಮ್ಮೆ ಓದು ಖಾಲಾ,” ಎಂದಳು.

ಓದಿದೆ.

“ನಮ್ಮವ್ವಗ ಕೆಮ್ಮು ಹತ್ತಿದ್ದು ನೀ ಚಿತ್ರಾ ಹಚ್ಚಿದ ನಾಕನೇ ದಿನಕ್ಕ,” ಎಂದಳು. “ಅದಕ್ಕ ಹತ್ತ ದಿನಾ ಮೊದಲ ಆಕಿ ಒಳಗ ಹೋಗಿರಬೇಕು ಅದು. ಗಾಳಿ ಎದ್ದ ಎರಡು ದಿನಾ. ಅವಾಗ ನಿನಗ ಗೊತ್ತಿತ್ತು.”

“ಗೊತ್ತಿತ್ತವ್ವಾ.”

“ನಾ ನಿನ್ನ ಮನಿಯಾಗ ಇದ್ದೆ.”

“ಇದ್ದಿ.”

ಅವಳು ಅಳಲಿಲ್ಲ. ಎದ್ದು ಹೋಗಿ ಒಂದು ಲೋಟ ನೀರು ತಂದಳು. ನನಗೆ ಕೊಡುತ್ತಾಳೇನೋ ಎಂದುಕೊಂಡೆ, ತಾನೇ ಕುಡಿದಳು. ಬಾಗಿಲಿನ ನೆರಳುಬಟ್ಟೆಯನ್ನು ಪಕ್ಕಕ್ಕೆ ಸರಿಸಿ ಹಿಡಿದಳು. ಹೊರಗೆ ಬಿಸಿಲು ಏರುತ್ತಿತ್ತು. ಆರು ವರ್ಷದವಳಿದ್ದಾಗಿನಿಂದ ನನ್ನ ತೊಡೆಯ ಮೇಲೆ ಬೆಳೆದವಳು, ತಾಯಿಯ ತಂಗಿಯನ್ನು ಕರೆದ ಹಾಗೆ ಖಾಲಾ, ನೀ ಎನ್ನುವುದನ್ನು ಬಿಟ್ಟರೆ ಬೇರೆ ರೀತಿ ನನ್ನನ್ನು ಒಮ್ಮೆಯೂ ಕರೆಯದವಳು, ತಗ್ಗಿದ ದನಿಯಲ್ಲಿ ಹೇಳಿದಳು:

“ಬಿಸಲ ಆಗೂದ್ರೊಳಗ ನೀವು ಮನಿ ಸೇರ್ಕೊಳ್ರಿ ಕಾಶವ್ವಾರ.”

ನಾನು ಬಂದೆ. ಈ ಕೊನೆಯ ಸಾಲುಗಳನ್ನು ಮನೆಗೆ ಬಂದ ಮೇಲೆ ಸೇರಿಸಿದ್ದೇನೆ. ನಾಳೆ ನೀರಕಟ್ಟೆಯಲ್ಲಿ ಇದನ್ನು ಎಲ್ಲರ ಮುಂದೆ ಓದಿ, ಆಮೇಲೆ ಗೂಡಿನಲ್ಲಿಡುತ್ತೇನೆ. ಹಿಂದಿನವರೇ, ನಿಮ್ಮಲ್ಲಿ ಯಾರಾದರೂ ಇಂಥದೊಂದು ಯಂತ್ರದ ಮುಂದೆ ಕೂತು ಇನ್ನೊಬ್ಬರ ಹಣೆಬರಹ ಬರೆಯುತ್ತಿದ್ದರೆ, ನಿಮ್ಮ ಹೆಸರು ಬರುವ ತನಕ ಕಾಯಬೇಡಿ. ನನ್ನಿಂದ ಇಷ್ಟೇ. ಹೋಗಿಬರುತ್ತೇನೆ.

ಕಾಶವ್ವ ಹೂಗಾರ